ಇಲಿಯ ಗುಟ್ಟು ಕಬ್ಬಿನಲ್ಲಿಲ್ಲ, ಹುಲ್ಲಿನಲ್ಲಿದೆ!

ರಾತ್ರಿಯಿಡೀ ಕಬ್ಬು ಕಡಿಯುವ ಇಲಿಗೆ ಬರೀ ಕಬ್ಬು ತಿಂದು ಮರಿ ಸಾಕಲು ಆಗುವುದಿಲ್ಲ! ಈ ಒಂದು ಸಂಗತಿ ತಿಳಿದ ಮೇಲೆ ಕಬ್ಬಿನ ಗದ್ದೆಯನ್ನು ಹಳೆಯ ಕಣ್ಣಿನಿಂದ ನೋಡಲು ನನಗೆ ಸಾಧ್ಯವೇ ಆಗಿಲ್ಲ. ಆಳೆತ್ತರ ಮೀರಿ ನಿಂತ ಬೆಳೆ, ಎಕರೆಗೆ ಹತ್ತಾರು ಟನ್ ಸಿಹಿ ಜಲ್ಲೆ, ವರ್ಷವಿಡೀ ನೆರಳು, ವರ್ಷವಿಡೀ ನೀರು. ಇಲಿಗೆ ಇನ್ನೇನು ಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಬೇಕು! ಕಬ್ಬಿನ ಹಾಲೆಂದರೆ ನೀರು ಮತ್ತು ಸಕ್ಕರೆ. ಗಬ್ಬದ ಇಲಿಗೆ, ಮರಿಗೆ ಹಾಲೂಡುವ ಇಲಿಗೆ ಬೇಕಾದ ಪ್ರೋಟೀನು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಅಷ್ಟೊಂದು ಮರಿಗಳು ಹುಟ್ಟಿ ಬೆಳೆಯುವುದು ಯಾವುದರ ಬಲದ ಮೇಲೆ? ಉತ್ತರ ಬದುವಿನ ಮೇಲಿದೆ, ಸಾಲುಗಳ ನಡುವಿದೆ, ಕಾಲುವೆಯ ಏರಿಯ ಮೇಲಿದೆ. ನಾವು ದಿನಾ ತುಳಿದುಕೊಂಡು ಓಡಾಡುವ ಹುಲ್ಲು, ಕಳೆ, ಅವುಗಳ ಕಾಳು!

ಕಣ್ಣೆದುರೇ ಇದ್ದ ಈ ಉತ್ತರವನ್ನು ಕಾಣುವ ಮೊದಲು ಮನುಷ್ಯ ಏನೇನು ಮಾಡಲಿಲ್ಲ! ಮುಂಗುಸಿಗಳನ್ನು ಹಡಗು ಹತ್ತಿಸಿ ಸಮುದ್ರ ದಾಟಿಸಿದ. ಬೆಳೆದು ನಿಂತ ಪೈರಿಗೆ ಬೆಂಕಿ ಇಟ್ಟ. ಮಣಗಟ್ಟಲೆ ವಿಷ ಚೆಲ್ಲಿದ. ಜಮೈಕಾ, ಹವಾಯಿ, ಆಸ್ಟ್ರೇಲಿಯಾ ಎಂದು ಭೂಮಂಡಲ ಸುತ್ತುವ ಈ ಕಥೆಯ ಒಂದು ಅಪೂರ್ವ ಪುಟ ನಮ್ಮ ಧಾರವಾಡ ಸೀಮೆಯಲ್ಲೇ ಇದೆ. ಅಲ್ಲಿಗೆ ಹೋಗುವ ಮೊದಲು ಆ ಪ್ರಾಣಿಯ ಬಾಯಿಯೊಳಗೊಮ್ಮೆ ಇಣುಕಬೇಕು.

ಬೆಳೆಯುತ್ತಲೇ ಇರುವ ಹಲ್ಲು

ಇಲಿಯ ಮುಂಭಾಗದ ನಾಲ್ಕು ಬಾಚಿಹಲ್ಲುಗಳು ಸಾಯುವತನಕ ಬೆಳೆಯುತ್ತಲೇ ಇರುತ್ತವೆ. ವಾರಕ್ಕೆ ಎರಡು-ಮೂರು ಮಿಲಿಮೀಟರ್! ಸವೆಯದಿದ್ದರೆ ಅವು ಬಾಯಿ ಮುಚ್ಚಲಾಗದಷ್ಟು ಬೆಳೆದು ಇಲಿಯ ಪ್ರಾಣಕ್ಕೇ ಎರವಾಗುತ್ತವೆ. ಹಲ್ಲಿನ ಮುಂಬದಿಗೆ ಮಾತ್ರ ಗಟ್ಟಿ ಎನಾಮೆಲ್ ಹೊದಿಕೆ. ಅದರಲ್ಲಿ ಸೇರಿರುವ ಕಬ್ಬಿಣದ ಅಂಶದಿಂದಲೇ ಇಲಿಯ ಹಲ್ಲಿಗೆ ಆ ಕಿತ್ತಳೆ-ಹಳದಿ ಬಣ್ಣ. ಹಿಂಬದಿ ಮೆದು. ಮೆದು ಭಾಗ ಬೇಗ ಸವೆಯುತ್ತದೆ, ಗಟ್ಟಿ ಭಾಗ ನಿಧಾನವಾಗಿ ಸವೆಯುತ್ತದೆ. ಹೀಗಾಗಿ ಹಲ್ಲಿನ ತುದಿ ಬಡಗಿಯ ಉಳಿಯಂತೆ ಓರೆಯಾಗಿ, ಬಳಸಿದಷ್ಟೂ ಹರಿತವಾಗಿ ಉಳಿಯುತ್ತದೆ. ಸಾಣೆ ಹಿಡಿಯುವ ಕೆಲಸವೇ ಇಲ್ಲ!

ಇನ್ನೂ ಒಂದು ಬೆರಗು ಇದೆ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಖಾಲಿ ಜಾಗ. ಕಡಿಯುವಾಗ ಇಲಿ ತನ್ನ ತುಟಿಗಳನ್ನು ಆ ಜಾಗದಲ್ಲಿ ಒಳಕ್ಕೆ ಮಡಚಿ ಬಾಚಿಹಲ್ಲುಗಳ ಹಿಂದೆಯೇ ಬಾಯಿ ಮುಚ್ಚಿಕೊಳ್ಳುತ್ತದೆ. ಹಲ್ಲು ಹೊರಗೆ, ಬಾಯಿ ಬಂದ್. ಕಬ್ಬಿನ ಗಟ್ಟಿ ಸಿಪ್ಪೆ, ಮಣ್ಣು, ಚಕ್ಕೆ ಯಾವುದೂ ಗಂಟಲಿಗೆ ಇಳಿಯುವುದಿಲ್ಲ. ಬೇಡದ್ದನ್ನೆಲ್ಲ ಉದುರಿಸಿದ ಮೇಲೆಯೇ ತಿರುಳಿಗೆ ಬಾಯಿ ಹಾಕುತ್ತದೆ.

ಹಾಗಾಗಿ ಇಲಿ ಕಡಿದ ಜಲ್ಲೆಯ ಬುಡದಲ್ಲಿ ಸಿಪ್ಪೆಯ ಸಣ್ಣ ಸಣ್ಣ ಚಕ್ಕೆಗಳು ಬಿದ್ದಿರುತ್ತವೆ. ಕಾಂಡಕೊರಕ ಹುಳು ಬಿಡುವುದು ದುಂಡನೆಯ ಪುಟ್ಟ ತೂತು. ಕಾಡುಹಂದಿ ಜಲ್ಲೆಯನ್ನೇ ಮುರಿದು ಅಗಿದು ನಾರು ಉಗುಳಿ ಹೋಗುತ್ತದೆ. ಇಲಿ ಕಡಿದದ್ದು ಗೆಣ್ಣುಗಳ ನಡುವಿನ ಮೆದು ಭಾಗದಲ್ಲಿ ತೋಡಿದ ಗುಳಿ. ಹತ್ತಿರ ಹಿಡಿದು ನೋಡಿದರೆ ಜೋಡಿ ಹಲ್ಲಿನ ಗೀರು ಪಕ್ಕಪಕ್ಕದಲ್ಲಿ ಕಾಣುತ್ತದೆ. ಆ ಗುಳಿಯಿಂದ ಹೋದ ತಿರುಳು ತೀರಾ ಸ್ವಲ್ಪ. ನಷ್ಟ ಇರುವುದು ಆಮೇಲೆ. ಗಾಯದೊಳಗೆ ಗಾಳಿ ಸೇರುತ್ತದೆ, ಹುಳಿ ಬರುತ್ತದೆ, ಕೆಂಪು ಕೊಳೆ ರೋಗದ ಶಿಲೀಂಧ್ರಕ್ಕೆ ಬಾಗಿಲು ತೆರೆಯುತ್ತದೆ. ರಸದೊಳಗಿನ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಬಾಯಿಗೆ ಇನ್ನೂ ಸಿಹಿಯೇ, ಆದರೆ ಅದು ಹರಳುಗಟ್ಟುವ ಸಕ್ಕರೆಯಲ್ಲ. ಬುಡ ಕಡಿಸಿಕೊಂಡ ಜಲ್ಲೆ ಗಾಳಿಗೆ ಮಲಗುತ್ತದೆ. ಮಲಗಿದ ಕಬ್ಬು ನೆಲಕ್ಕೆ ಹತ್ತಿಕೊಂಡಿದ್ದರಿಂದ ಇನ್ನಷ್ಟು ಇಲಿಗಳ ಬಾಯಿಗೆ ನಿಲುಕುತ್ತದೆ. ಒಂದು ಕಡಿತದಿಂದ ಶುರುವಾಗಿ ಒಂದು ಸಾಲೇ ಹೋಗುವುದು ಹೀಗೆ.

ಮುಚ್ಚಿದ ಗುದ್ದು, ತೆರೆದ ಗುದ್ದು

ಮುಧೋಳದ ಕಡೆ ಕುಳೆ ಕಬ್ಬಿನ ಹೊಲವೊಂದರ ಒಡ್ಡಿನ ಮೇಲೆ ನಿಂತಿದ್ದೆ. ಕಾಲಿಟ್ಟಲ್ಲೆಲ್ಲ ಗುದ್ದು. ಎಷ್ಟು ಇಲಿ ಇರಬಹುದೆಂದು ಊಹಿಸಲೂ ಆಗಲಿಲ್ಲ.

“ಅಜ್ಜಾರ, ಇಷ್ಟೂ ಗುದ್ದಿನ್ಯಾಗ ಇಲಿ ಅದಾವೇನ್ರೀ?” ಎಂದು ಹೊಲದ ಯಜಮಾನರನ್ನು ಕೇಳಿದೆ.

“ಹೆಂಗ ಹೇಳಾಕ ಬರ್ತೈತಿ ತಮ್ಮಾ? ಈಗ ಸಂಜಿಗೆ ಎಲ್ಲಾ ಮುಚ್ಚೂಣು. ಮುಂಜಾನೆ ಗುದ್ದ ಹೇಳತಾವ” ಎಂದರು ಅವರು.

ಸಲಿಕೆಯಿಂದ ಮಣ್ಣೆಳೆದು ಒಂದೊಂದೇ ಬಾಯಿ ಮುಚ್ಚಿದೆವು, ಕಾಲಿನಿಂದ ತುಳಿದು ಸಮ ಮಾಡಿದೆವು. ಮರುದಿನ ಹೊತ್ತು ಏರುವ ಮೊದಲೇ ಹೋಗಿ ನೋಡಿದರೆ ಆಶ್ಚರ್ಯ! ಬಹುಪಾಲು ಗುದ್ದುಗಳು ಮುಚ್ಚಿದ್ದಂತೆಯೇ ಇವೆ. ಕೆಲವು ಮಾತ್ರ ತೆರೆದಿವೆ. ಅವುಗಳ ಬಾಯಲ್ಲಿ ಒಳಗಿನಿಂದ ನೂಕಿದ ಹಸಿ ಮಣ್ಣಿನ ರಾಶಿ, ಅದರ ಮೇಲೆ ಆಗ ತಾನೇ ಮೂಡಿದ ಕಾಲ್ಗುರುತು. ಮೇಲೆ ಕಂಡ ಗುದ್ದುಗಳ ಲೆಕ್ಕ ಬೇರೆ, ಒಳಗೆ ಜೀವ ಇರುವ ಗುದ್ದುಗಳ ಲೆಕ್ಕವೇ ಬೇರೆ. ಕೃಷಿ ವಿಜ್ಞಾನಿಗಳು ಬಳಸುವುದೂ ಇದೇ ಲೆಕ್ಕವನ್ನು. ಹಿಂದಿನ ಸಂಜೆ ಮುಚ್ಚು, ಮುಂಜಾನೆ ಎಣಿಸು, ತೆರೆದಲ್ಲಿ ಮಾತ್ರ ಕ್ರಮ ಕೈಗೊಳ್ಳು. ಖರ್ಚಿಲ್ಲದ, ಯಂತ್ರವಿಲ್ಲದ, ಕರಾರುವಾಕ್ಕಾದ ಅಳತೆ!

ನೆಲದಡಿ ಇರುವ ಆ ನಿವಾಸಿ ಹೆಚ್ಚಾಗಿ ಚಿಕ್ಕ ಹೆಗ್ಗಣ, ವಿಜ್ಞಾನದ ಹೆಸರಿನಲ್ಲಿ ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್. ಭಾರತದ ನೀರಾವರಿ ಹೊಲಗಳ ಅತಿ ದೊಡ್ಡ ದಂಶಕ ಪೀಡೆ ಇದೇ. ಅದರ ಬಿಲವನ್ನು ಅಗೆದು ನೋಡಿದವರು ಬೆರಗಾಗದೆ ಇರಲಾರರು. ಕವಲೊಡೆದ ಸುರಂಗಗಳು, ಕಾಳು-ತೆನೆ ಕೂಡಿಡುವ ಕೋಣೆಗಳು, ಒಣಗಿದ ಗರಿ ಹಾಸಿದ ಬಾಣಂತಿ ಕೋಣೆ. ಇವುಗಳ ಜೊತೆಗೆ ಮೇಲ್ಮೈವರೆಗೂ ಕೊರೆದು ತೆಳ್ಳನೆಯ ಮಣ್ಣಿನ ಪದರವನ್ನಷ್ಟೇ ಉಳಿಸಿಕೊಂಡ ಕಳ್ಳದಾರಿಗಳು! ಶತ್ರು ಮುಂಬಾಗಿಲಿಗೆ ಬಂದರೆ ತಲೆಯಿಂದ ಗುದ್ದಿ ಆ ಪದರ ಒಡೆದು ಪರಾರಿ. ಗುದ್ದಿಗೆ ನೀರು ಬಿಟ್ಟರೂ ಸುಲಭಕ್ಕೆ ಸಾಯುವುದಿಲ್ಲ; ಅದು ಒಳ್ಳೆಯ ಈಜುಗಾರ. ಇಷ್ಟು ದೊಡ್ಡ ಮನೆಯಲ್ಲಿ ಬೆಳೆದ ಹೆಗ್ಗಣ ಇರುವುದು ಒಂದೇ. ಮರಿ ಹಾಕಿದ ತಾಯಿಯಾದರೆ ಮರಿಗಳ ಜೊತೆ. ಗಬ್ಬ ಕಟ್ಟಿ ಮೂರು ವಾರ ಕಳೆಯುತ್ತಿದ್ದಂತೆ ಆರೆಂಟು ಮರಿಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೂರು ತಿಂಗಳಾಗುವಷ್ಟರಲ್ಲಿ ಆ ಮರಿಗಳೇ ಮರಿ ಹಾಕಲು ಸಿದ್ಧ. ಕಬ್ಬು ಗದ್ದೆಯಲ್ಲಿ ನಿಲ್ಲುವುದು ಹನ್ನೆರಡು ತಿಂಗಳು, ಆಡಸಾಲಿ ನಾಟಿಯಾದರೆ ಹದಿನಾರು-ಹದಿನೆಂಟು ತಿಂಗಳು. ಅಷ್ಟರಲ್ಲಿ ಎಷ್ಟು ತಲೆಮಾರು ಎಂದು ಲೆಕ್ಕ ಹಾಕಿ ನೋಡಿ!

ಧಾರವಾಡ, 1826

ಈಗ ಸುಮಾರು 200 ವರ್ಷ ಹಿಂದಕ್ಕೆ ಹೋಗೋಣ. ವಾಲ್ಟರ್ ಎಲಿಯಟ್ ಎಂಬ ಹೆಸರು ಕನ್ನಡ ಶಾಸನಗಳನ್ನು ಓದುವವರಿಗೆ ಗೊತ್ತು. ಈ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ ಕೂಡಿಟ್ಟ ಬ್ರಿಟಿಷ್ ಅಧಿಕಾರಿ ಆತ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಪಡೆಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಇವನೇ! ಬಿಡುಗಡೆಯಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ಇಲಿಗಳ ಒಂದು ಮಹಾ ದಾಳಿಯನ್ನು ಕಣ್ಣಾರೆ ಕಂಡ. 1839ರಲ್ಲಿ ಮದರಾಸಿನ ಸಾಹಿತ್ಯ-ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ ಈ ಸೀಮೆಯ ಸಸ್ತನಿಗಳ ಪಟ್ಟಿಯಲ್ಲಿ ಅದನ್ನು ಬರೆದಿಟ್ಟ.

ಕೆರೆ ತೋಡುವ ವಡ್ಡರ ಜನ ಮೆಟ್ಟಾಡ್ ಎಂದು ಕರೆಯುತ್ತಿದ್ದ ಮೃದು ರೋಮದ ಹೊಲದ ಇಲಿಯ ಕಥೆ ಅದು. ಇಂದು ವಿಜ್ಞಾನ ಅದನ್ನು ಮಿಲ್ಲಾರ್ಡಿಯಾ ಮೆಲ್ಟಾಡಾ ಎನ್ನುತ್ತದೆ. ಕಬ್ಬಿನ ಗದ್ದೆಗಳಲ್ಲಿ ಈಗಲೂ ಅದರ ವಾಸ. ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದಲ್ಲ, ಆ ಆಳವಾದ ಬಿರುಕುಗಳೇ ಈ ಇಲಿಯ ಬೇಸಿಗೆ ಮನೆ. ಮುಂಗಾರಿನ ಮೊದಲ ಜೋರು ಮಳೆಗೆ ಎರೆ ಉಬ್ಬಿ ಬಿರುಕು ಮುಚ್ಚುತ್ತದೆ, ಒಳಗಿದ್ದ ಇಲಿಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ. ಪ್ರತಿ ವರ್ಷವೂ ಹೀಗೇ. 1826ರಲ್ಲಿ ಆರಂಭದ ಮಳೆಯೇ ಕೈಕೊಟ್ಟಿತು. ಬಿರುಕುಗಳು ಮುಚ್ಚಲಿಲ್ಲ. ಇಲಿಗಳು ಉಳಿದವು, ಮರಿ ಹಾಕಿದವು, ಹೊಲಗಳ ಮೇಲೆ ಮುಗಿಬಿದ್ದವು. ಬಿತ್ತಿದ ಬೀಜ ಮೊಳೆಯುವ ಮೊದಲೇ ಮಾಯ. ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಕೂಲಿ ಗೊತ್ತುಮಾಡಿ ವಡ್ಡರಿಂದ ಸಾವಿರಗಟ್ಟಲೆ ಇಲಿ ಕೊಲ್ಲಿಸಿದರು. ಆದರೂ ಇಲಿಗಳ ಸಂಖ್ಯೆ ಕಡಿಮೆಯಾದದ್ದು ಕಾಣಲೇ ಇಲ್ಲ!

ಈ ಭಾಗ ಓದಿದಾಗ ನನ್ನ ಮೈ ಜುಮ್ಮೆಂದಿತು. ಎರಡು ಶತಮಾನದ ಹಿಂದೆಯೇ ನಮ್ಮ ಎರೆಹೊಲ ಇಡೀ ಪಾಠವನ್ನು ಹೇಳಿ ಮುಗಿಸಿದೆ. ಸಾವಿರಗಟ್ಟಲೆ ಹೊಡೆದು ಕೊಂದರೂ ಬಗ್ಗದ ಸಂಖ್ಯೆಯನ್ನು ಉಳಿದ ವರ್ಷಗಳಲ್ಲಿ ಅಂಕೆಯಲ್ಲಿಟ್ಟದ್ದು ಒಂದು ಮಳೆ, ಮುಚ್ಚಿಹೋಗುವ ಒಂದು ಬಿರುಕು. ಇಲಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಅದು ಇರುವ ಜಾಗ.

ಈಗ ಅದೇ ಸೀಮೆಯನ್ನು ನೋಡಿ. ಘಟಪ್ರಭೆಗೆ ಹಿಡಕಲ್ಲಿನಲ್ಲಿ, ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಬಂತು. ಕಾಲುವೆ ಹರಿದಲ್ಲೆಲ್ಲ ಕಬ್ಬು ಬಂತು. ನೀರುಂಡ ಎರೆ ಈಗ ಬೇಸಿಗೆಯಲ್ಲೂ ಬಿರಿಯುವುದಿಲ್ಲ. ಸುತ್ತಲಿನ ಗೋವಿನಜೋಳ, ಗೋಧಿ, ಕಡಲೆ ಕೊಯ್ಲಾದಾಗ ಇಲಿಗಳಿಗೆ ಅಡಗಲು ಉಳಿಯುವ ಹಸಿರು ಒಂದೇ: ಕಬ್ಬು. ನಾವು ಬೆಳೆದದ್ದು ಬೆಳೆಯನ್ನು. ಅದರ ಜೊತೆಗೆ, ಗೊತ್ತಿಲ್ಲದೆಯೇ, ಇಲಿಗೆ ವರ್ಷಪೂರ್ತಿ ಸೂರನ್ನೂ ಕಟ್ಟಿಕೊಟ್ಟೆವು.

ಕಲ್ಕತ್ತೆಯ ಒಂಬತ್ತು ಮುಂಗುಸಿಗಳು

ಜಮೈಕಾದ ಕಬ್ಬು ತೋಟಗಳ ಒಡೆಯರು ಇಲಿಗಳ ಮೇಲೆ ಬಿಡದ ಪ್ರಾಣಿಯಿಲ್ಲ. 18ನೇ ಶತಮಾನದಲ್ಲಿ ಕ್ಯೂಬಾದಿಂದ ಒಂದು ಬಗೆಯ ಇರುವೆ ತಂದರು. 1844ರಲ್ಲಿ ದೈತ್ಯ ಕಪ್ಪೆಗಳನ್ನು ಬಿಟ್ಟರು. ಇಲಿ ಜಗ್ಗಲಿಲ್ಲ. 1872ರಲ್ಲಿ ಎಸ್ಪ್ಯೂಟ್ ಎಂಬ ತೋಟದ ಮಾಲೀಕ ಕಲ್ಕತ್ತೆಯಿಂದ ಮುಂಗುಸಿ ತರಿಸಿದ. ನಾಲ್ಕು ಗಂಡು, ಐದು ಹೆಣ್ಣು. ಒಟ್ಟು ಒಂಬತ್ತೇ ಒಂಬತ್ತು! ಅವುಗಳ ಸಂತತಿ ದ್ವೀಪವನ್ನೇ ತುಂಬಿತು. ಮೊದಮೊದಲು ಇಲಿ ಕಡಿಮೆಯಾದ ಸಂಭ್ರಮ. ಸುದ್ದಿ ಪೆಸಿಫಿಕ್ ಸಾಗರದ ನಡುವಿನ ಹವಾಯಿ ತಲುಪಿತು. 1883ರಲ್ಲಿ ಅಲ್ಲಿನ ಸಕ್ಕರೆ ತೋಟಗಾರರು ಜಮೈಕಾದಿಂದ 72 ಮುಂಗುಸಿಗಳನ್ನು ತರಿಸಿ ಹಮಾಕುವಾ ಕರಾವಳಿಯ ಕಬ್ಬಿಗೆ ಬಿಟ್ಟರು.

ಮುಂಗುಸಿ ಹಗಲಿನ ಜೀವಿ. ಇಲಿ ಇರುಳಿನ ಜೀವಿ. ಮುಂಗುಸಿ ಮಲಗುವ ಹೊತ್ತಿಗೆ ಇಲಿ ಏಳುತ್ತದೆ! ಮುಂಗುಸಿ ಇಲಿ ತಿನ್ನುವುದಿಲ್ಲವೆಂದಲ್ಲ, ಸಿಕ್ಕಿದರೆ ತಿನ್ನುತ್ತದೆ. ಆದರೆ ಅದಕ್ಕಿಂತ ಸುಲಭಕ್ಕೆ ಸಿಕ್ಕಿದ್ದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಕಡಲಾಮೆಯ ಮೊಟ್ಟೆ, ಊರಿನ ಕೋಳಿ. ತಮ್ಮ ನೆಲದಲ್ಲಿ ಅಂಥ ಬೇಟೆಗಾರನನ್ನೇ ಕಂಡಿರದ ಆ ದ್ವೀಪಗಳ ಹಕ್ಕಿಗಳಿಗೆ ಓಡಬೇಕೆಂದೂ ಗೊತ್ತಿರಲಿಲ್ಲ. ನಮ್ಮ ಹೊಲದ ಬದುವಿನಲ್ಲಿ ಹಾವು, ಗಿಡುಗ, ನರಿ, ಗೂಬೆಗಳ ನಡುವೆ ತನ್ನ ಪಾಲಿನ ಕೆಲಸವನ್ನಷ್ಟೇ ಮಾಡಿಕೊಂಡು ಓಡಾಡುವ ಮುಂಗುಸಿ ಅಲ್ಲಿ ಪಿಡುಗಾಯಿತು. ಇಂದಿಗೂ ಹವಾಯಿ ಅದರ ಜೊತೆ ಹೆಣಗುತ್ತಿದೆ. ಪ್ರಾಣಿ ಒಂದೇ, ಆದರೆ ಸ್ಥಳ ಬದಲಾದರೆ ಅದರ ಅರ್ಥವೇ ಬದಲು!

ಬೆಂಕಿ ಬೇಡಿದ ಕೂಲಿಗಳು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದಲ್ಲಿ ಇಂಗಮ್ ಎಂಬ ಊರು. ಸುತ್ತ ಕಬ್ಬು. 1933-34ರಲ್ಲಿ ಕಬ್ಬು ಕಡಿಯುವವರು ಒಬ್ಬೊಬ್ಬರಾಗಿ ಮಲಗತೊಡಗಿದರು. ಸುಡುವ ಜ್ವರ, ಮೈಕೈ ನೋವು, ಹಳದಿಗಟ್ಟಿದ ಕಣ್ಣು. ಕೆಲವರು ಸತ್ತರು. ಅದು ನಾವು ಇಲಿ ಜ್ವರ ಎಂದು ಕರೆಯುವ ಲೆಪ್ಟೊಸ್ಪೈರೋಸಿಸ್. ಇಲಿಯ ಮೂತ್ರದಲ್ಲಿ ಹೊರಬರುವ, ಕಣ್ಣಿಗೆ ಕಾಣದ ಸುರುಳಿ ಬ್ಯಾಕ್ಟೀರಿಯಾ ಹಸಿ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕಿರುತ್ತದೆ. ಕಬ್ಬಿನ ಗರಿಯ ಅಂಚಿಗೆ ಕೈಕಾಲು ಗೀರಿಕೊಳ್ಳದೆ ಕಬ್ಬು ಕಡಿದವರುಂಟೇ? ಆ ಗೀರುಗಳೇ ರೋಗಕ್ಕೆ ದಾರಿ.

ಕೂಲಿಗಳು ಕೇಳಿದ್ದು ಒಂದೇ: ಕಡಿಯುವ ಮೊದಲು ಕಬ್ಬಿಗೆ ಬೆಂಕಿ ಹಾಕಿ, ಇಲಿ ಓಡಲಿ, ರವದಿ ಉರಿಯಲಿ, ನೆಲ ಶುದ್ಧವಾಗಲಿ. ಸುಟ್ಟ ಕಬ್ಬಿನ ಸಕ್ಕರೆ ಬೇಗ ಕೆಡುತ್ತದೆಂದು ಮಾಲೀಕರು ಒಪ್ಪಲಿಲ್ಲ. 1935ರಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಅದನ್ನು ಹತ್ತಿರದಿಂದ ಕಂಡ ಲೇಖಕಿ ಜೀನ್ ಡೆವನ್ನಿ ಮರುವರ್ಷವೇ ‘ಶುಗರ್ ಹೆವನ್’ ಎಂಬ ಕಾದಂಬರಿ ಬರೆದರು. ಕ್ರಮೇಣ ಸುಟ್ಟು ಕಡಿಯುವುದೇ ಅಲ್ಲಿನ ರೂಢಿಯಾಯಿತು. ಇಲಿಗೆ ಹೆದರಿ ಮನೆ ಸುಟ್ಟುಕೊಂಡರು ಎಂಬ ಗಾದೆ ನಮ್ಮಲ್ಲಿದೆ. ಅಲ್ಲಿ ಅದು ದಡ್ಡತನವಾಗಿರಲಿಲ್ಲ. ಬಡ ದುಡಿಮೆಗಾರರು ಜೀವ ಉಳಿಸಿಕೊಳ್ಳಲು ಹಿಡಿದ ದಾರಿ ಅದು. ನಮ್ಮ ಕಬ್ಬಿನ ಗ್ಯಾಂಗುಗಳೂ ಇವತ್ತಿಗೂ ಬರಿಗಾಲಲ್ಲಿ, ಬರಿಗೈಯಲ್ಲಿ ಅದೇ ಹಸಿ ನೆಲಕ್ಕೆ ಇಳಿಯುತ್ತವೆ. ಗಂಬೂಟು, ಕೈಗವಸು, ಗಾಯಕ್ಕೆ ಪಟ್ಟಿ, ಜ್ವರ ಬಂದ ದಿನವೇ ಆಸ್ಪತ್ರೆ: ಇಲಿ ನಿರ್ವಹಣೆ ಎಂಬ ಮಾತು ಇವರಿಂದ ಶುರುವಾಗಬೇಕು.

ಹುಲ್ಲು ಬಿಟ್ಟುಕೊಟ್ಟ ಗುಟ್ಟು

ಅದೇ ಕ್ವೀನ್ಸ್‌ಲ್ಯಾಂಡಿನಲ್ಲಿ, ದಶಕಗಳ ನಂತರ, ಆ ಮಹಾ ರಹಸ್ಯ ಬಯಲಾಯಿತು! ಅಲ್ಲಿನ ಕಬ್ಬಿನ ಇಲಿಗಳು ಮುಖ್ಯವಾಗಿ ಎರಡು ಜಾತಿ: ರ‍್ಯಾಟಸ್ ಸಾರ್ಡಿಡಸ್ ಮತ್ತು ಮೆಲೊಮಿಸ್. ಎರಡೂ ಆ ನೆಲದ ಮೂಲ ನಿವಾಸಿಗಳು, ಹುಲ್ಲುಗಾವಲಿನ ಮಕ್ಕಳು. ಸಂಶೋಧಕರು ಇಲಿಗಳನ್ನು ಹಿಡಿದು ಅವು ಏನು ತಿಂದಿವೆ, ಯಾವಾಗ ಗಬ್ಬ ಕಟ್ಟಿವೆ ಎಂದು ಪರೀಕ್ಷಿಸುತ್ತ ಹೋದರು. ಕಳೆ ತುಂಬಿದ ಕಬ್ಬಿನಲ್ಲಿ ಇಲಿಗಳು ಸಮೃದ್ಧವಾಗಿ ಮರಿ ಹಾಕಿದ್ದವು. ಕಳೆ ಇಲ್ಲದ ಕಬ್ಬಿನಲ್ಲಿ ಸಂತತಿ ಏರುವುದೇ ಇಲ್ಲ! ಕಬ್ಬು ಅವಕ್ಕೆ ಶಕ್ತಿ ಕೊಡುತ್ತದೆ, ನೆರಳು ಕೊಡುತ್ತದೆ. ಮರಿ ಕಟ್ಟುವ ಪ್ರೋಟೀನು ಬರುವುದು ಹುಲ್ಲಿನ ಕಾಳಿನಿಂದ, ಕಳೆಯ ಬೀಜದಿಂದ.

ಗೊತ್ತಾಯಿತಲ್ಲ, ಮುಂದಿನದು ಸರಾಗ. ಗರಿಗಳು ಕೂಡಿಕೊಂಡು ಗದ್ದೆ ಮುಚ್ಚುವ ಮೊದಲೇ ಕಳೆ ತೆಗೆ. ಗದ್ದೆಯಂಚಿನ ಹುಲ್ಲು ಕಾಳು ಕಟ್ಟುವ ಮೊದಲೇ ಕೊಯ್ದುಬಿಡು. ಹಳ್ಳದ ದಂಡೆಯ ಹುಲ್ಲಿನ ಜಾಗದಲ್ಲಿ ಮರ ಬೆಳೆಸು. ಮರದ ನೆರಳು ದಟ್ಟವಾದಂತೆ ಹುಲ್ಲು ತಾನಾಗಿ ಸಾಯುತ್ತದೆ. ಇಲಿ ನಿಯಂತ್ರಣಕ್ಕೆ ಕಾಡು ಬೆಳೆಸುವುದು! ಇಂಥ ಉಪಾಯವನ್ನು ವಿಷದ ಡಬ್ಬಿಯ ಮೇಲೆ ಕಣ್ಣು ನೆಟ್ಟ ಯಾರಾದರೂ ಕನಸಿನಲ್ಲಾದರೂ ಕಂಡಿದ್ದರೇ?

ನಮ್ಮ ಹೆಗ್ಗಣ ಬೇರೆ ಜಾತಿ, ನಿಜ. ಅದರ ಬಾಯಿಗೆ ಏಡಿ, ಶಂಖುಹುಳು, ಕೀಟ, ಪಕ್ಕದ ಗದ್ದೆಯ ಭತ್ತ ಎಲ್ಲವೂ ಸಲ್ಲುತ್ತವೆ. ಆದರೂ ಸೂತ್ರ ಒಂದೇ. ಕಬ್ಬಿನಾಚೆಗಿನ ಊಟ, ಕಬ್ಬಿನಂಚಿನ ಮನೆ. ನಮ್ಮ ಕೃಷಿ ವಿಜ್ಞಾನಿಗಳು ಬದು ಕಿರಿದು ಮಾಡಿ ಎಂದು ಹೇಳುವುದು ಇದಕ್ಕೇ. ಅಗಲವಾದ ಬದುವಿನಲ್ಲಿ ಹೆಗ್ಗಣಕ್ಕೆ ಸುರಂಗ, ಕೋಣೆ, ಕಳ್ಳದಾರಿ ಎಲ್ಲಕ್ಕೂ ಜಾಗ ಇರುತ್ತದೆ. ಒಂದು ಅಡಿಗೆ ಇಳಿಸಿದ ಬದುವಿನಲ್ಲಿ ಆ ಮನೆ ಕಟ್ಟಲು ಮಣ್ಣೇ ಸಾಲದು!

ವಾಂತಿ ಮಾಡಲಾರದ ಜಾಣ

ಹಾಗಾದರೆ ವಿಷ? ಇಲ್ಲಿ ಇನ್ನೊಂದು ಬೆರಗು ಕಾದಿದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ! ಒಮ್ಮೆ ನುಂಗಿದ್ದನ್ನು ಹೊರಹಾಕುವ ದಾರಿಯೇ ಅದಕ್ಕಿಲ್ಲ. ಆದ್ದರಿಂದ ಹೊಸ ತಿನಿಸು ಕಂಡರೆ ಮೊದಲು ದೂರ ನಿಲ್ಲುತ್ತದೆ. ಆಮೇಲೆ ಒಂದಿಷ್ಟೇ ಇಷ್ಟು ಕಚ್ಚಿ ನೋಡುತ್ತದೆ. ಹೊಟ್ಟೆ ಕೆಟ್ಟರೆ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ. 1955ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು. ಸಿಹಿ ನೀರು ಕುಡಿಯುವ ಹೊತ್ತಿಗೆ ವಿಕಿರಣದಿಂದ ಅಸ್ವಸ್ಥಗೊಂಡ ಇಲಿಗಳು ಆಮೇಲೆ ಆ ಸಿಹಿಯನ್ನೇ ದೂರವಿಟ್ಟವು. ಒಂದೇ ಒಂದು ಅನುಭವ ಸಾಕಾಯಿತು!

ಇಲಿ ಪಾಷಾಣವನ್ನು ನೇರವಾಗಿ ಗುದ್ದಿಗೆ ಸುರಿದವರ ಶ್ರಮ ಮಣ್ಣುಪಾಲಾಗುವುದು ಇದೇ ಕಾರಣಕ್ಕೆ. ಅರೆಬರೆ ತಿಂದು ಬದುಕಿದ ಹೆಗ್ಗಣ ಮುಂದೆ ಆ ತಿನಿಸಿನ ಹತ್ತಿರ ಸುಳಿಯುವುದಿಲ್ಲ. ಹಾಗಾಗಿಯೇ ವಿಶ್ವಾಸ ಹುಟ್ಟಿಸುವ ಕ್ರಮ ಬಂದಿದೆ. ಮೊದಲ ಎರಡು-ಮೂರು ದಿನ ವಿಷವಿಲ್ಲದ ನುಚ್ಚಿಗೆ ಅಡುಗೆ ಎಣ್ಣೆ ಸವರಿ ಜೀವಂತ ಗುದ್ದುಗಳಲ್ಲಿ ಇಡಬೇಕು. ರುಚಿ ಹತ್ತಿದ ಮೇಲೆ ಒಂದು ಸಂಜೆ ಮಾತ್ರ 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಸತುವಿನ ಫಾಸ್ಫೈಡ್ ಬೆರೆಸಿ, ಸುಮಾರು 10 ಗ್ರಾಂ ಕಾಗದದ ಪೊಟ್ಟಣದಲ್ಲಿ ಗುದ್ದಿನ ಒಳಗೆ ಆಳಕ್ಕಿಟ್ಟು ಬಾಯಿ ಮುಚ್ಚಬೇಕು. ಹೊಟ್ಟೆಯ ಆಮ್ಲ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ಮಾರಕ ಅನಿಲ ಹೊಮ್ಮುತ್ತದೆ. ಮನುಷ್ಯರಿಗೂ, ದನ-ನಾಯಿಗಳಿಗೂ ಅದು ಅಷ್ಟೇ ಮಾರಕ. ಕೈಗವಸು ಹಾಕಿ, ಕೋಲಿನಿಂದ ಕಲಸಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಮರುದಿನ ಸತ್ತ ಇಲಿಗಳನ್ನೂ ಉಳಿದ ವಿಷವನ್ನೂ ಹೂಳಬೇಕು. ಬ್ರೊಮಾಡಿಯೋಲೋನ್ ಇನ್ನೊಂದು ಬಗೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುವುದರಿಂದ ಇಲಿಗೆ ತಿನಿಸಿನ ಮೇಲೆ ಅನುಮಾನ ಬರುವುದೇ ಇಲ್ಲ. ಆದರೆ ಆ ಕೆಲವು ದಿನ ವಿಷ ಹೊತ್ತು ಓಡಾಡುವ ಇಲಿಯನ್ನು ಹಿಡಿದು ತಿನ್ನುವವರು ಯಾರು?

ಸದ್ದನ್ನು ನೋಡುವ ಹಕ್ಕಿ

ಆ ಇಲಿಯನ್ನು ತಿಂದು ತಾವೂ ವಿಷಕ್ಕೆ ಬಲಿಯಾಗಬಲ್ಲವರು ನಮ್ಮ ಅತ್ಯಂತ ಬೆಲೆಬಾಳುವ ಮಿತ್ರರು. ಕೇರೆಹಾವು ಗುದ್ದಿನೊಳಕ್ಕೇ ನುಗ್ಗಿ ಮರಿಗಳನ್ನು ನುಂಗುತ್ತದೆ. ಮೇಲಿನಿಂದ ಬರುವುದು ಕಣಜ ಗೂಬೆ. ಅದರ ಕಿವಿಗಳು ಒಂದು ಮೇಲೆ, ಒಂದು ಕೆಳಗೆ! ಚಪ್ಪಟೆ ಬಿಳಿ ಮುಖದ ಗರಿಗಳು ಸದ್ದನ್ನು ಒಟ್ಟುಮಾಡಿ ಆ ಕಿವಿಗಳಿಗೆ ತಲುಪಿಸುತ್ತವೆ. ಎರಡು ಕಿವಿಗಳಿಗೆ ಬರುವ ಸದ್ದಿನ ಕೂದಲೆಳೆಯಷ್ಟು ವ್ಯತ್ಯಾಸದಿಂದಲೇ ಇಲಿ ಎಲ್ಲಿದೆ ಎಂದು ತಿಳಿಯುತ್ತದೆ. ಮುಂದೆ ತಿಮಿಂಗಿಲಗಳ ಹಾಡನ್ನು ಜಗತ್ತಿಗೆ ಕೇಳಿಸಿದ ರೋಜರ್ ಪೇಯ್ನ್ ಮೊದಲು ಅಧ್ಯಯನ ಮಾಡಿದ್ದು ಈ ಗೂಬೆಯನ್ನೇ. ಕಗ್ಗತ್ತಲ ಕೋಣೆಯಲ್ಲಿ ಬರೀ ಸದ್ದು ಕೇಳಿ ಅದು ಇಲಿ ಹಿಡಿಯುತ್ತದೆಂದು ಆತ ಸಾಬೀತು ಮಾಡಿದ. 1978ರಲ್ಲಿ ಎರಿಕ್ ನುಡ್ಸನ್ ಮತ್ತು ಮಾರ್ಕ್ ಕೊನಿಷಿ ಇನ್ನೂ ಆಳಕ್ಕೆ ಹೋಗಿ, ಈ ಗೂಬೆಯ ಮಿದುಳಿನಲ್ಲಿ ಸದ್ದಿನ ಒಂದು ಭೂಪಟವೇ ಇದೆ ಎಂದು ತೋರಿಸಿದರು! ರೆಕ್ಕೆಯ ಅಂಚಿನ ಸಣ್ಣ ಹಲ್ಲುಗಳು ಗಾಳಿಯ ಸದ್ದನ್ನು ಅಡಗಿಸುತ್ತವೆ. ಇಲಿಗೆ ಕೊನೆಯ ಕ್ಷಣದವರೆಗೂ ಸುಳಿವಿಲ್ಲ.

ಮಲೇಷ್ಯಾದ ತಾಳೆ ತೋಟಗಳಲ್ಲಿ, ಫ್ಲಾರಿಡಾದ ಎವರ್‌ಗ್ಲೇಡ್ಸ್ ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಈ ಗೂಬೆಗೆಂದೇ ಕಂಬದ ಮೇಲೆ ಮರದ ಪೆಟ್ಟಿಗೆ ಗೂಡು ಇಟ್ಟಿದ್ದಾರೆ. ದಟ್ಟ ಕಬ್ಬಿನ ಒಳಗೆ ಅದು ಇಳಿಯಲಾರದು. ಅದರ ಬೇಟೆ ಬದುವಿನ ಮೇಲೆ, ಎಳೆ ಬೆಳೆಯಲ್ಲಿ, ಕಟಾವಾದ ಬಯಲಿನಲ್ಲಿ. ಹುಲ್ಲು ಕೊಯ್ದ ಬದು ಗೂಬೆಗೆ ಬೇಟೆಯ ಬಯಲು. ಹುಲ್ಲು ಬೆಳೆದ ಬದು ಇಲಿಗೆ ಅಡಗುದಾಣ. ಮತ್ತೆ ಬಂದು ನಿಂತದ್ದು ಹುಲ್ಲಿಗೇ! ಗೂಬೆಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸುವ ಊರು ತನ್ನ ಬೆಳೆಯ ಕಾವಲುಗಾರನನ್ನೇ ಓಡಿಸುತ್ತಿದೆ. ಹೊಲದಲ್ಲಿ ಅಲ್ಲಲ್ಲಿ ಟಿ ಆಕಾರದ ಕವೆಗೋಲು ನೆಟ್ಟರೆ ಸಾಕು, ಹಕ್ಕಿಗೆ ಕೂರಲು ಜಾಗವಾಯಿತು.

ಊರೆಲ್ಲ ಒಂದೇ ವಾರ

ಈಗ ಎಲ್ಲವನ್ನೂ ಕೂಡಿಸಿ ನೋಡಿ. ಕಟಾವಾದ ಮೇಲೆ, ಮುಂಗಾರಿಗೆ ಮುಂಚೆ, ಇಲಿಗೆ ಊಟವೂ ಮರೆಯೂ ಕಡಿಮೆ ಇರುವ ಹೊತ್ತಿನಲ್ಲಿ ಅವುಗಳ ಸಂಖ್ಯೆ ತಗ್ಗಿರುತ್ತದೆ. ಉಳಿದ ಕೆಲವೇ ಕೆಲವು ಮುಂದಿನ ಹಂಗಾಮಿನ ತಾಯಂದಿರು. ಬದು ಕೆತ್ತುವುದು, ಗುದ್ದು ಮುಚ್ಚಿ ಎಣಿಸುವುದು, ಅಗತ್ಯವಿದ್ದಲ್ಲಿ ಮಾತ್ರ ವಿಷ ಇಡುವುದು: ಎಲ್ಲಕ್ಕೂ ಅದೇ ಸರಿಯಾದ ಹೊತ್ತು. ಆಮೇಲೆ ಗದ್ದೆ ಮುಚ್ಚುವ ಮೊದಲು ಕಳೆ, ಬೆಳೆ ಎತ್ತರಕ್ಕೆ ಬರುತ್ತಿದ್ದಂತೆ ಕೆಳಗಿನ ಒಣ ಸೋಗೆ ಸುಲಿಯುವುದು, ಜಲ್ಲೆಗಳನ್ನು ಜೋಡಿಸಿ ಕಟ್ಟಿ ಮಲಗದಂತೆ ನಿಲ್ಲಿಸುವುದು. ಕಬ್ಬು ಆಳೆತ್ತರ ಮೀರಿ ದಟ್ಟವಾದ ಮೇಲೆ ಒಳಗೆ ಹೋಗಲೂ ಆಗದು, ಮಾಡಲೂ ಏನೂ ಉಳಿದಿರದು.

ಮತ್ತು ಇದನ್ನು ಒಬ್ಬರೇ ಮಾಡಿದರೆ ಸಾಲದು. ಒಬ್ಬ ರೈತ ತನ್ನ ಎರಡು ಎಕರೆ ಶುದ್ಧ ಮಾಡಿದರೆ ಖಾಲಿಯಾದ ಆ ಗುದ್ದುಗಳಿಗೆ ಪಕ್ಕದ ಹೊಲದ ಹೆಗ್ಗಣಗಳು ಕೆಲವೇ ವಾರಗಳಲ್ಲಿ ಬಂದು ಸೇರುತ್ತವೆ. ಇಲಿಗೆ ಸರ್ವೆ ನಂಬರು ಗೊತ್ತಿಲ್ಲ. 1977ರಿಂದ ದೇಶದ ದಂಶಕ ನಿಯಂತ್ರಣ ಸಂಶೋಧನಾ ಯೋಜನೆ, ಅದರೊಳಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಶಕುಂತಲಾ ಶ್ರೀಧರ ಅವರಂಥವರು ನಡೆಸಿದ ಅಧ್ಯಯನ, ಇವೆಲ್ಲ ಒತ್ತಿ ಹೇಳಿದ್ದು ಇದನ್ನೇ: ಊರೆಲ್ಲ ಸೇರಿ, ಒಂದೇ ಸಲ, ಒಂದೇ ವಾರದಲ್ಲಿ. ಗ್ರಾಮ ಪಂಚಾಯಿತಿ ಡಂಗುರ ಸಾರಿಸಲಿ. ಕಬ್ಬು ಒಯ್ಯುವ ಫ್ಯಾಕ್ಟರಿಯ ಕ್ಷೇತ್ರ ಸಿಬ್ಬಂದಿ ಜೊತೆಗೆ ಬರಲಿ. ನೀರಾವರಿ ಇಲಾಖೆ ತನ್ನ ಕಾಲುವೆ ಏರಿಯ ಹುಲ್ಲು ಕೊಯ್ಯಿಸಲಿ; ಯಾರದ್ದೂ ಅಲ್ಲದ ಆ ಏರಿಯೇ ಎಲ್ಲರ ಹೊಲಕ್ಕೂ ಇಲಿ ಕಳಿಸುವ ತವರು.

ಎಂಥ ಸಮಾಧಾನದ ಸಂಗತಿ ಇದು! ನೂರಾರು ವರ್ಷ ದೇಶದೇಶಗಳನ್ನು ಕಾಡಿದ ಪೀಡೆಯ ಮೂಲ ತಿಳಿದಿದೆ, ಮತ್ತು ಅದಕ್ಕೆ ಬೇಕಾದ ಮುಖ್ಯ ಆಯುಧಗಳು ಪ್ರತಿ ರೈತನ ಮನೆಯಲ್ಲೂ ಇವೆ: ಒಂದು ಕುಡುಗೋಲು, ಒಂದು ಸಲಿಕೆ, ನಾಲ್ಕು ಜನ ನೆರೆಯವರು. ಈ ಬೇಸಿಗೆಯಲ್ಲಿ, ಮೊದಲ ಮಳೆ ಬೀಳುವ ಮುಂಚೆ, ನಿಮ್ಮ ಬದುವಿನ ಹುಲ್ಲು ಕಾಳು ಕಟ್ಟುವ ಮುಂಚೆ, ಪಕ್ಕದ ಹೊಲದವರನ್ನೂ ಕರೆದುಕೊಂಡು ಶುರುಮಾಡಿ.